ಓಪನ್‌ರಿಫೈನ್: ಇನ್‌ಸ್ಟಾಲ್ ಸಲೀಸು, ಕನ್ನಡಕ್ಕೆ ಒಗ್ಗಿಸುವುದೇ ಕೆಲಸ

ವಿಜಯಪುರ ಕಡೆಯ ಸೊಸೈಟಿ ಸದಸ್ಯರ ಪಟ್ಟಿಯಲ್ಲಿ ‘ತಿಕೋಟಾ’, ‘ತಿಕೋಟ’ ಎರಡೂ ಇರುತ್ತವೆ. ‘ಬಸವನ ಬಾಗೇವಾಡಿ’ ಒಮ್ಮೆ ಬಿಡಿಸಿ, ಒಮ್ಮೆ ಕೂಡಿಸಿ ಬರೆದಿರುತ್ತದೆ. ಎಕ್ಸೆಲ್ ಇವನ್ನೆಲ್ಲ ಬೇರೆ ಬೇರೆ ಊರೆಂದೇ ಎಣಿಸುತ್ತದೆ. ಇಂಥ ಪಟ್ಟಿಯನ್ನು ಜಾಲಾಡಿ ಹಸನು ಮಾಡಲು ಓಪನ್‌ರಿಫೈನ್‌ಗಿಂತ ಒಳ್ಳೆಯ ಉಚಿತ ಟೂಲ್ ಸಿಗುವುದು ಕಷ್ಟ. ಹಿಂದೆ ಗೂಗಲ್ ರಿಫೈನ್ ಆಗಿದ್ದದ್ದು 2012ರಿಂದ ಈ ಹೆಸರಿನಲ್ಲಿದೆ.

ವಿಂಡೋಸ್‌ಗೆ ಎರಡು ಜಿಪ್ ಇವೆ: ಜಾವಾ (ಇದು ಓಡಲು ಬೇಕಾದ ಸಾಫ್ಟ್‌ವೇರ್) ಸೇರಿದ್ದು, ಸೇರದ್ದು. ಸೇರಿದ್ದನ್ನೇ ಇಳಿಸಿಕೊಳ್ಳಿ, ಜಾವಾ ಆವೃತ್ತಿಯ ತಲೆನೋವೇ ಇರುವುದಿಲ್ಲ. ಜಿಪ್‌ನೊಳಗಿಂದಲೇ ಡಬಲ್ ಕ್ಲಿಕ್ ಮಾಡಿದರೆ ಓಡದು, ಪೂರ್ತಿ ಬಿಚ್ಚಿ ಫೋಲ್ಡರ್ ಮಾಡಿಕೊಳ್ಳಬೇಕು. ವಿಂಡೋಸ್‌ನ ಕಾವಲುಗಾರ ಸ್ಮಾರ್ಟ್‌ಸ್ಕ್ರೀನ್ ತಡೆದರೆ ‘ಮೋರ್ ಇನ್ಫೋ’, ಆಮೇಲೆ ‘ರನ್ ಎನಿವೇ’. ಕಪ್ಪು ಕಿಟಕಿಯೊಂದು ತೆರೆದು, ಬ್ರೌಸರ್‌ನಲ್ಲಿ 127.0.0.1:3333 ಬರುತ್ತದೆ. ಬ್ರೌಸರ್‌ನಲ್ಲಿ ಕಂಡರೂ ಡೇಟಾ ನಿಮ್ಮ ಮಷಿನ್ನಿನಲ್ಲೇ ಇರುತ್ತದೆ. ನೆಟ್ ಇಲ್ಲದೆಯೂ ಕೆಲಸ ನಡೆಯುತ್ತದೆ. ಆ ಕಪ್ಪು ಕಿಟಕಿಯೇ ಸರ್ವರ್, ಅದನ್ನು ಕಂಟ್ರೋಲ್-ಸಿ ಒತ್ತಿಯೇ ನಿಲ್ಲಿಸಿ. ಆಟೋಸೇವ್ 5 ನಿಮಿಷಕ್ಕೊಮ್ಮೆ, ಹಾಗಾಗಿ ಕರೆಂಟು ಹೋದರೆ ಅಷ್ಟರೊಳಗಿನದು ಹೋದಂತೆಯೇ.

ಮೆಮೊರಿ 1024 ಎಂಬಿಗೆ ಕಟ್ಟಿಹಾಕಿರುತ್ತದೆ. ಪಟ್ಟಿ 10 ಲಕ್ಷ ಸೆಲ್ ದಾಟಿದರೆ ತೆವಳತೊಡಗುತ್ತದೆ. ಅದೇ ಫೋಲ್ಡರ್‌ನಲ್ಲಿ ಎಲ್4ಜೆ ಎಂದಿರುವ ಐಎನ್‌ಐ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು 1024 ಅನ್ನು ಹೆಚ್ಚಿಸಿ. 8 ಜಿಬಿ ರ್‍ಯಾಮ್ ಇದ್ದರೆ 4096 ಸಾಕು. ಅರ್ಧಕ್ಕಿಂತ ಹೆಚ್ಚು ಕೊಟ್ಟರೆ ವಿಂಡೋಸ್ ಏದುಸಿರು ಬಿಡುತ್ತದೆ.

ಅಸಲಿ ಕಥೆ ಇಲ್ಲಿಂದ. ಫೈಲ್ ಹಾಕಿದಾಗ ಪ್ರಿವ್ಯೂನಲ್ಲಿ ಕನ್ನಡ ಕಲಸಿಹೋಗಿ ಕಂಡರೆ ಕ್ಯಾರೆಕ್ಟರ್ ಎನ್‌ಕೋಡಿಂಗ್‌ನಲ್ಲಿ ಯುಟಿಎಫ್-8 ಆರಿಸಿ. ಆಗಲೂ ಇಂಗ್ಲಿಷ್ ಅಕ್ಷರಗಳ ಗೊಜ್ಜೇ ಕಂಡರೆ ಅದು ಹಳೆಯ ನುಡಿ ಫಾಂಟಿನ ಪಠ್ಯ, ಮೊದಲು ಯೂನಿಕೋಡ್‌ಗೆ ಪರಿವರ್ತಿಸಲೇಬೇಕು. ಬರೀ ಪ್ರಶ್ನಾರ್ಥಕ ಚಿಹ್ನೆ ಬಂದಿದ್ದರೆ ಎಕ್ಸೆಲ್‌ನಲ್ಲಿ ಸಾದಾ ಸಿಎಸ್‌ವಿ ಆಗಿ ಸೇವ್ ಮಾಡುವಾಗಲೇ ಅಕ್ಷರ ಸತ್ತಿವೆ. ಮೂಲ ಫೈಲನ್ನೇ ಕೊಡಿ.

ನಂತರ ಟೆಕ್ಸ್ಟ್ ಫ್ಯಾಸೆಟ್, ಅಂದರೆ ಒಂದು ಕಾಲಮ್ಮಿನಲ್ಲಿರುವ ಬೇರೆ ಬೇರೆ ಹೆಸರುಗಳ ಪಟ್ಟಿ. ‘ಇಂಡಿ’ ಎರಡು ಸಲ ಕಂಡರೆ ಒಂದರ ಬಾಲಕ್ಕೆ ಸ್ಪೇಸ್ ಇದೆ, ಟ್ರಿಮ್ ಮಾಡಿ. ಟ್ರಿಮ್ಮಿಗೂ ಬಗ್ಗದಿದ್ದರೆ ಪ್ರತಿ ಅಕ್ಷರದ ಕೋಡ್ ಸಂಖ್ಯೆ ತೋರಿಸುವ ಯೂನಿಕೋಡ್ ಕ್ಯಾರ್-ಕೋಡ್ ಫ್ಯಾಸೆಟ್ ಹಾಕಿ: ಕನ್ನಡ ಅಕ್ಷರಗಳು 3200ರಿಂದ 3327ರೊಳಗೆ ಗುಂಪಾಗಿರುತ್ತವೆ, ದೂರದಲ್ಲಿ 8204 ಅಥವಾ 8205 ಕಂಡರೆ ಅದು ಕಣ್ಣಿಗೆ ಕಾಣದ ಜಾಯ್ನರ್, ಅಂದರೆ ಅಕ್ಷರಗಳನ್ನು ಕೂಡಿಸುವ ಇಲ್ಲವೇ ಬಿಡಿಸುವ ಚಿಹ್ನೆ. ಸಿಕ್ಕಲ್ಲೆಲ್ಲ ಅದನ್ನು ಅಳಿಸಬೇಡಿ, ‘ರಾಜ್‌ಕುಮಾರ್’ನಂಥ ಹೆಸರಿಗೆ ಅದು ಬೇಕು.

ಆಮೇಲೆ ಕ್ಲಸ್ಟರ್, ಅಂದರೆ ಒಂದನ್ನೊಂದು ಹೋಲುವ ಹೆಸರುಗಳನ್ನು ಗುಂಪು ಮಾಡುವುದು. ಅದರ ಎನ್-ಗ್ರಾಮ್ ಫಿಂಗರ್‌ಪ್ರಿಂಟ್ ವಿಧಾನ ಸ್ಪೇಸ್ ಲೆಕ್ಕಿಸದ ಕಾರಣ ಬಾಗೇವಾಡಿಯ ಎರಡೂ ರೂಪ ಒಂದಾಗುತ್ತವೆ. ಮೆಟಾಫೋನ್ ವಿಧಾನ ಇಂಗ್ಲಿಷ್ ಉಚ್ಚಾರಕ್ಕೆ ಮಾಡಿದ್ದು, ಕನ್ನಡ ಲಿಪಿಗೆ ದಂಡ. ನಮಗೆ ಬೇಕಾದ್ದು ನಿಯರೆಸ್ಟ್ ನೇಬರ್‌ನ ಲೆವೆನ್‌ಷ್ಟೈನ್, ಎರಡು ಹೆಸರುಗಳ ನಡುವೆ ಎಷ್ಟು ಅಕ್ಷರ ವ್ಯತ್ಯಾಸವೆಂದು ಎಣಿಸುವ ವಿಧಾನ. ಆದರೆ ಅದರ ಬ್ಲಾಕ್ ಕ್ಯಾರ್ಸ್ ಡಿಫಾಲ್ಟ್ 6, ನಮ್ಮ ಊರಿನ ಹೆಸರುಗಳಿಗೆ ಇದು ಸುತರಾಂ ಹೊಂದದು. ಅಷ್ಟು ಅಕ್ಷರ ಸಾಲಾಗಿ ಎರಡೂ ಕಡೆ ಒಂದೇ ಇದ್ದರಷ್ಟೇ ಹೋಲಿಕೆಗೆ ತೆಗೆದುಕೊಳ್ಳುತ್ತದೆ. ‘ವಿಜಯಪುರ’, ‘ವಿಜಾಪುರ’ ಎರಡಕ್ಕೂ ಒಂದೇ ಅಕ್ಷರದ ವ್ಯತ್ಯಾಸ, ಆದರೆ ಸಾಲಾಗಿ ಹೊಂದುವುದು ಮೂರು ಮಾತ್ರ (ಅಕ್ಷರಕ್ಕೆ ಹತ್ತುವ ಸ್ವರ ಚಿಹ್ನೆಗೂ ಒಂದು ಲೆಕ್ಕ). ಬ್ಲಾಕ್ 3, ರೇಡಿಯಸ್ (ಎಷ್ಟು ವ್ಯತ್ಯಾಸ ಸಹಿಸಬೇಕೆಂಬ ಮಿತಿ) 2 ಇಟ್ಟರೆ ಇವು ಜೋಡಿಯಾಗಿ ಬರುತ್ತವೆ. ‘ಇಳಕಲ್’, ‘ಇಲಕಲ್’ ಕೂಡ. ರೇಡಿಯಸ್ ಇನ್ನೂ ಏರಿಸುವ ಆಸೆ ಬೇಡ. ‘ಇಂಡಿ’ಗೂ ‘ಜಮಖಂಡಿ’ಗೂ ಕೊನೆಯ ‘ಂಡಿ’ ಒಂದೇ, ವ್ಯತ್ಯಾಸ 3 ಅಷ್ಟೇ. ಕಣ್ಣುಮುಚ್ಚಿ ‘ಮರ್ಜ್’ ಒತ್ತಿದರೆ ತಾಲ್ಲೂಕಿನ ಜೊತೆ ಜಿಲ್ಲೆಯೂ ಬದಲಾದೀತು! ಆದರೂ ಅನ್‌ಡೂ ಪಟ್ಟಿ ಇದೆ, ಪ್ರತಿ ಹೆಜ್ಜೆಗೂ ಹಿಂದಕ್ಕೆ ಹೋಗಬಹುದು.

2014ರ ನವೆಂಬರ್ 1ಕ್ಕೆ ಮುಂಚಿನ ಪಟ್ಟಿಗಳ ‘ಬಿಜಾಪುರ’, ‘ಬೆಳಗಾಂ’ಗಳನ್ನು ಕ್ಲಸ್ಟರಿಗೆ ಬಿಡದೆ ಫ್ಯಾಸೆಟ್‌ನ ‘ಎಡಿಟ್’ ಒತ್ತಿ ಕೈಯಾರೆ ಬದಲಿಸುವುದೇ ವಾಸಿ.

ಮುಗಿದ ಮೇಲೆ ಎಕ್ಸೆಲ್ ಫೈಲಾಗಿಯೇ ಎಕ್ಸ್‌ಪೋರ್ಟ್ ಮಾಡಿ. ಸಿಎಸ್‌ವಿ ತೆಗೆದು ಎಕ್ಸೆಲ್‌ನಲ್ಲಿ ನೇರ ತೆರೆದರೆ ಹಸನಾದ ಕನ್ನಡ ಮತ್ತೆ ಕಲಸಿಕೊಂಡು ಕಾಣುತ್ತದೆ.