ಗಣಿತ ಬೇಡ, ಕಂಪ್ಯೂಟರ್ ಸೈನ್ಸ್ ಬೇಕು ಅನ್ನುವವರಿಗೆ ಈ ಡಿಗ್ರಿ ಹೊಂದುತ್ತದೆಯೇ?

ಸಿಇಟಿ ಆಪ್ಷನ್ ಎಂಟ್ರಿ ಶುರುವಾದರೆ ಕಲಬುರಗಿ, ಬೀದರ್, ಯಾದಗಿರಿಯ ಬಹಳ ಮನೆಗಳಲ್ಲಿ ಮೊದಲ ಆಯ್ಕೆ ಕಂಪ್ಯೂಟರ್ ಸೈನ್ಸ್. ಕಲ್ಯಾಣ ಕರ್ನಾಟಕದವರಿಗೆ ವಿಶೇಷ ಮೀಸಲಾತಿ ಕೊಡುವ 371(ಜೆ) ಪ್ರಮಾಣಪತ್ರ ಕೈಯಲ್ಲಿದ್ದರೆ ಈ ಭಾಗದ ಕಾಲೇಜುಗಳಲ್ಲಿ ಶೇ. 70ರಷ್ಟು ಸೀಟು ಸ್ಥಳೀಯರಿಗೇ ಮೀಸಲು, ಹಾಗಾಗಿ ದೂರದ ರ‍್ಯಾಂಕಿಗೂ ಸೀಟು ಸಿಗುವ ಆಸೆ ಇರುತ್ತದೆ. ಸೀಟು ಸಿಕ್ಕ ಮೇಲೆ ನಾಲ್ಕು ವರ್ಷ ಏನನ್ನು ಓದಬೇಕು ಅನ್ನುವುದನ್ನು ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ. ಅದರಲ್ಲೂ ಪಿಯುಸಿಯಲ್ಲಿ ಗಣಿತ ಅಂದರೆ ಮುಖ ತಿರುಗಿಸಿದ ಮಕ್ಕಳಿಗೆ ಇದು ತಿಳಿದಿರಲೇಬೇಕು. ಇಲ್ಲಿ ತೂಗಿ ನೋಡಿರುವುದು ವಿಟಿಯುದ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) 2022ರ ಸ್ಕೀಮಿನ, ಅಂದರೆ ಆ ವರ್ಷದ ಪಠ್ಯಕ್ರಮದ, ಕಂಪ್ಯೂಟರ್ ಸೈನ್ಸ್ ಬಿಇ. ಕಲಬುರಗಿಯ ಪಿಡಿಎ ಸ್ವಾಯತ್ತ ಕಾಲೇಜು, ಶರಣಬಸವ ವಿಶ್ವವಿದ್ಯಾಲಯಕ್ಕೆ ತನ್ನದೇ ಪಠ್ಯಕ್ರಮವಿದೆ. ಕಾಲೇಜಿನಿಂದ ಕಾಲೇಜಿಗೆ, ಸ್ಕೀಮಿನಿಂದ ಸ್ಕೀಮಿಗೆ ಪೇಪರುಗಳ ಕ್ರಮ ಬದಲಾಗುತ್ತದೆ. ಸೇರುವ ವರ್ಷದ ಸಿಲಬಸ್ ಇಳಿಸಿಕೊಂಡು ಒಮ್ಮೆ ಕಣ್ಣಾಡಿಸಿ. ಗಣಿತದ ತಿರುಳು ಎಲ್ಲ ಕಡೆ ಹೆಚ್ಚುಕಡಿಮೆ ಇದೇ.

ಈ ಡಿಗ್ರಿಯಲ್ಲಿ ಎರಡು ಜಾತಿಯ ಗಣಿತ ಇದೆ. ಒಂದನ್ನು ಪಾಸಾಗಿ ಮರೆತರೂ ನಡೆಯುತ್ತದೆ. ಇನ್ನೊಂದು ಕೊನೆಯವರೆಗೂ ಬೆನ್ನು ಬಿಡುವುದಿಲ್ಲ.

ಮೊದಲನೆಯದು ಮೊದಲ ವರ್ಷದ ಎರಡು ಪೇಪರು. ಒಂದನೇ ಸೆಮಿಸ್ಟರಿನಲ್ಲಿ ಪೋಲಾರ್ ಕರ್ವ್, ಪಾರ್ಷಿಯಲ್ ಡಿಫರೆನ್ಸಿಯೇಷನ್, ಮೊದಲ ದರ್ಜೆಯ ಡಿಫರೆನ್ಷಿಯಲ್ ಈಕ್ವೇಷನ್, ಮಾಡ್ಯುಲರ್ ಅರಿಥ್ಮೆಟಿಕ್, ಲೀನಿಯರ್ ಆಲ್ಜೀಬ್ರಾ. ಎರಡನೆಯದರಲ್ಲಿ ಮಲ್ಟಿಪಲ್ ಇಂಟಿಗ್ರಲ್, ವೆಕ್ಟರ್ ಕ್ಯಾಲ್ಕುಲಸ್, ವೆಕ್ಟರ್ ಸ್ಪೇಸ್, ಆಮೇಲೆ ನ್ಯೂಮರಿಕಲ್ ಮೆಥಡ್ಸ್‌ನ ಎರಡು ಮಾಡ್ಯೂಲು. ವೆಬ್‌ಸೈಟ್, ಮೊಬೈಲ್ ಆ್ಯಪ್, ಟೆಸ್ಟಿಂಗ್, ಡೇಟಾಬೇಸ್ ಕೆಲಸಕ್ಕೆ ಹೋಗುವವರಿಗೆ ಪೋಲಾರ್ ಕರ್ವಿನ ಮುಖ ಮತ್ತೆ ನೋಡುವ ಪ್ರಸಂಗ ಬರುವುದಿಲ್ಲ.

ಪಾಸಾಗುವ ಲೆಕ್ಕ ಹೀಗಿದೆ. 100 ಅಂಕದ ಪ್ರಶ್ನೆಪತ್ರಿಕೆ, ಐದು ಮಾಡ್ಯೂಲು, ಪ್ರತಿ ಮಾಡ್ಯೂಲಿಗೆ 20 ಅಂಕದ ಎರಡು ಪ್ರಶ್ನೆ, ಅದರಲ್ಲಿ ಒಂದಕ್ಕೆ ಉತ್ತರ. ಬಂದ ಅಂಕವನ್ನು 50ಕ್ಕೆ ಇಳಿಸುತ್ತಾರೆ, ಅದರಲ್ಲಿ ಕನಿಷ್ಠ 18 ಬೇಕು. ಕಾಲೇಜಿನಲ್ಲೇ ಕೊಡುವ ಇಂಟರ್ನಲ್ ಅಂಕ 50ಕ್ಕೆ 20 ಬೇಕು. ಎಡವುವುದು ಇಲ್ಲೇ: 20 ಮತ್ತು 18 ಸೇರಿದರೆ 38, ಒಟ್ಟು 40 ಇಲ್ಲದೆ ಪಾಸಿಲ್ಲ. ಅದಕ್ಕೇ ಇಂಟರ್ನಲ್ ಅನ್ನು 30ರ ಮೇಲೆ ಇಟ್ಟುಕೊಳ್ಳಬೇಕು.

ಗಣಿತ ಹಿಡಿಸದವರು ಮೊದಲು ಲೀನಿಯರ್ ಆಲ್ಜೀಬ್ರಾ ಮತ್ತು ನ್ಯೂಮರಿಕಲ್ ಮೆಥಡ್ಸ್ ಹಿಡಿಯುವುದು ಒಳ್ಳೆಯದು. ಅಲ್ಲಿ ಹೊಳೆಯಬೇಕಾದ್ದು ಕಡಿಮೆ, ಹೆಜ್ಜೆ ತಪ್ಪದೆ ಮಾಡಬೇಕಾದ್ದು ಹೆಚ್ಚು. ಆದರೂ ಅಂಕ ಹೋಗುವ ಜಾಗಗಳಿವೆ. ಸಮೀಕರಣಗಳನ್ನು ಸುತ್ತು ಸುತ್ತಾಗಿ ಬಿಡಿಸುವ ಗಾಸ್-ಸೀಡಲ್‌ನಲ್ಲಿ ಸಮೀಕರಣಗಳನ್ನು ಕೊಟ್ಟ ಕ್ರಮದಲ್ಲೇ ಹಾಕಿಕೊಂಡರೆ ಬೆಲೆಗಳು ನೆಲೆ ನಿಲ್ಲುವ ಬದಲು ಬೆಳೆಯುತ್ತಾ ಹೋಗಬಹುದು. ಎಕ್ಸ್‌ನ ದೊಡ್ಡ ಗುಣಕ ಇರುವುದನ್ನು ಮೊದಲು, ವೈಯದನ್ನು ಎರಡನೆಯದಾಗಿ, ಜೆಡ್‌ನದನ್ನು ಕೊನೆಗೆ ಬರೆದುಕೊಂಡೇ ಶುರು ಮಾಡಬೇಕು. ಇನ್ನೊಂದು ಕ್ಯಾಲ್ಕುಲೇಟರಿನ ತಪ್ಪು. ಎಕ್ಸ್ ಸೈನ್ ಎಕ್ಸ್ + ಕಾಸ್ ಎಕ್ಸ್ = 0 ಅನ್ನುವುದನ್ನು ನ್ಯೂಟನ್-ರಾಫ್ಸನ್ ವಿಧಾನದಲ್ಲಿ 3.1416ರಿಂದ ಶುರು ಮಾಡಿದರೆ ಮೊದಲ ಹೆಜ್ಜೆಗೆ 2.8233, ಎರಡನೆಯದಕ್ಕೆ 2.7986 ಬರಬೇಕು. ಕ್ಯಾಲ್ಕುಲೇಟರ್ ಡಿಗ್ರಿ ಮೋಡಿನಲ್ಲಿದ್ದರೆ 2.768 ಬರುತ್ತದೆ. ಸರಿಯುತ್ತರಕ್ಕೆ ಹತ್ತಿರವೇ ಇರುವುದರಿಂದ ಅನುಮಾನ ಬರುವುದಿಲ್ಲ, ಮುಂದಿನ ಹೆಜ್ಜೆಗೆ 2.36ರ ಹತ್ತಿರ ಜಾರಿ ಹೋಗುತ್ತದೆ. ಈ ಮಾಡ್ಯೂಲು ಮುಟ್ಟುವ ಮೊದಲು ರೇಡಿಯನ್ ಮೋಡಿಗೆ ಹಾಕಿ.

ಝೆರಾಕ್ಸ್ ಅಂಗಡಿಯಲ್ಲಿ ಸಿಗುವ ‘ಪಾಸಿಂಗ್ ಪ್ಯಾಕೇಜ್’ ನಂಬಿ ಕೂರುವುದು ಈ ಎರಡು ಪೇಪರಿಗೆ ಹೇಗೋ ನಡೆದೀತು. ಮೂರನೇ ಸೆಮಿಸ್ಟರಿನಿಂದ ನಡೆಯುವುದಿಲ್ಲ, ಯಾಕೆಂದರೆ ಅಲ್ಲಿಂದ ಎರಡನೇ ಜಾತಿಯ ಗಣಿತ ಶುರು.

ಆ ಸೆಮಿಸ್ಟರಿನಲ್ಲಿ ಪ್ರಾಬಬಿಲಿಟಿ, ಮಾರ್ಕೋವ್ ಚೈನ್, ಹೈಪಾಥಿಸಿಸ್ ಟೆಸ್ಟಿಂಗ್ ಬರುತ್ತವೆ. ಗಣಿತವೆಂದು ಹೆಸರಿಲ್ಲದ ಪೇಪರುಗಳೇ ಹೆಚ್ಚು ಪರೀಕ್ಷಿಸುತ್ತವೆ: ಡೇಟಾ ಸ್ಟ್ರಕ್ಚರ್ಸ್, ನಾಲ್ಕನೆಯದರಲ್ಲಿ ಅಲ್ಗಾರಿದಮ್ಸ್, ಐದನೆಯದರಲ್ಲಿ ಥಿಯರಿ ಆಫ್ ಕಂಪ್ಯುಟೇಷನ್. ಇಲ್ಲಿ ಇಂಟಿಗ್ರೇಷನ್ ಇಲ್ಲ. ಎಣಿಸುವುದು, ತರ್ಕ ಹಿಡಿಯುವುದು, ‘ಇದು ಯಾವಾಗಲೂ ಸರಿಯೇ?’ ಎಂದು ಕೇಳಿ ಸಾಧಿಸುವುದು ಇದೆ.

ಹತ್ತಿರದಿಂದ ನೋಡಿ. 42, 17, 30, 8, 25 ಅನ್ನುವ ಐದು ಸಂಖ್ಯೆಯನ್ನು ಏರಿಕೆಯಲ್ಲಿ ಜೋಡಿಸಬೇಕು. ಸೆಲೆಕ್ಷನ್ ಸಾರ್ಟಿನಲ್ಲಿ ಅತಿ ಚಿಕ್ಕದನ್ನು ಹುಡುಕಲು 4 ಹೋಲಿಕೆ, 8 ಮುಂದೆ ಬರುತ್ತದೆ. ಉಳಿದ ನಾಲ್ಕರಲ್ಲಿ 3 ಹೋಲಿಕೆ, ಆಮೇಲೆ 2, ಆಮೇಲೆ 1. ಒಟ್ಟು 10. 60 ಮಕ್ಕಳ ಅಂಕಪಟ್ಟಿಯಾದರೆ 60 × 59 ÷ 2, ಅಂದರೆ 1,770. ಇದುವರೆಗೆ ಯಾವ ಕಂಪ್ಯೂಟರಿಗೂ ತೊಂದರೆ ಇಲ್ಲ. ಒಂದು ಲಕ್ಷ ಹೆಸರಿನ ಪಟ್ಟಿಯಾದರೆ ಅದು 500 ಕೋಟಿಯ ಹತ್ತಿರ ಹೋಗುತ್ತದೆ. ಅದೇ ಪಟ್ಟಿಯನ್ನು ಅರ್ಧ ಅರ್ಧ ಮಾಡಿ ಜೋಡಿಸುವ ಮರ್ಜ್ ಸಾರ್ಟಿಗೆ 17 ಲಕ್ಷದ ಆಸುಪಾಸು ಹೋಲಿಕೆ ಸಾಕು. ಪ್ರೋಗ್ರಾಮಿಂಗ್ ಕೆಲಸದಲ್ಲಿ ದಿನಾ ಬೇಕಾಗುವ ಗಣಿತ ಇದೇ: ಕೂಡುವುದು, ಗುಣಿಸುವುದು, ಎರಡರಿಂದ ಎಷ್ಟು ಸಲ ಭಾಗಿಸಬಹುದು ಎಂದು ನೋಡುವುದು. ಲೆಕ್ಕ ಎಂಟನೇ ಇಯತ್ತೆಯದು, ತಾಳ್ಮೆ ಮಾತ್ರ ಅದಕ್ಕಿಂತ ಹೆಚ್ಚಿನದು ಬೇಕು.

ಹಾಗಾಗಿ ಆಪ್ಷನ್ ತುಂಬುವ ಮೊದಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಿಕೊಳ್ಳಿ. ಲ್ಯಾಪ್‌ಟಾಪ್ ಬೇಕಿಲ್ಲ, ಮೊಬೈಲಿನಲ್ಲಿ ಪೈಥಾನ್ ಓಡುತ್ತದೆ. 252 ಮತ್ತು 105ರ ಮ.ಸಾ.ಅ. ಕಾಗದದ ಮೇಲೆ ತೆಗೆಯಿರಿ: 252ನ್ನು 105ರಿಂದ ಭಾಗಿಸಿದರೆ ಶೇಷ 42, 105ನ್ನು 42ರಿಂದ ಭಾಗಿಸಿದರೆ 21, 42ನ್ನು 21ರಿಂದ ಭಾಗಿಸಿದರೆ 0. ಉತ್ತರ 21. ಇದನ್ನೇ ಐದಾರು ಸಾಲಿನ ಪ್ರೋಗ್ರಾಮ್ ಮಾಡಿ. ಆಮೇಲೆ ನಿಮ್ಮನ್ನೇ ಕೇಳಿಕೊಳ್ಳಿ: ಯಾವ ಎರಡು ಸಂಖ್ಯೆ ಕೊಟ್ಟರೂ ಈ ಲೂಪ್ (ಮತ್ತೆ ಮತ್ತೆ ನಡೆಯುವ ಭಾಗಾಕಾರ) ನಿಂತೇ ನಿಲ್ಲುತ್ತದೆ ಅನ್ನಲು ಏನು ಆಧಾರ? ಶೇಷ ಪ್ರತಿ ಸಲ ಚಿಕ್ಕದಾಗುತ್ತದೆ, ಸೊನ್ನೆಗಿಂತ ಕೆಳಗೆ ಇಳಿಯುವುದಿಲ್ಲ. ಈ ಕಾರಣ ಹುಡುಕುವಾಗ ಹೊತ್ತು ಹೋದದ್ದು ತಿಳಿಯದಿದ್ದರೆ, ಪಿಯುಸಿ ಗಣಿತದಲ್ಲಿ ಅಂಕ ಕಡಿಮೆ ಇದ್ದರೂ ಧೈರ್ಯವಾಗಿ ಸೇರಿ. ‘ಉತ್ತರ ಬಂತಲ್ಲ, ಕಾರಣ ಯಾಕೆ’ ಅನಿಸಿದರೆ ಈ ಡಿಗ್ರಿ ಸೂಕ್ತವಲ್ಲ. ಅಂಥವರಿಗೆ ಅಲ್ಗಾರಿದಮ್ಸ್ ಮತ್ತು ಥಿಯರಿ ಆಫ್ ಕಂಪ್ಯುಟೇಷನ್ ಎರಡೂ ಬ್ಯಾಕ್ (ಪಾಸಾಗದ ಬಾಕಿ ಪೇಪರು) ಉಳಿಯುವ ಅಪಾಯವಿದೆ. ಬ್ಯಾಕ್ ಇದ್ದರೆ ಹೆಚ್ಚಿನ ಕಂಪನಿಗಳು ಕ್ಯಾಂಪಸ್ ಸಂದರ್ಶನಕ್ಕೇ ಕೂರಿಸುವುದಿಲ್ಲ.

ಇನ್ಫರ್ಮೇಷನ್ ಸೈನ್ಸಿಗೆ ಹೋದರೆ ಗಣಿತ ತಪ್ಪುತ್ತದೆ ಅನ್ನುವುದು ತಪ್ಪು ಮಾಹಿತಿ, ಗಣಿತದ ಹೊರೆ ಅಲ್ಲೂ ಇಷ್ಟೇ. ಗಣಿತ ಬೇಡವೆನ್ನುವವರು ಎಐ-ಎಂಎಲ್ ಅಥವಾ ಡೇಟಾ ಸೈನ್ಸ್ ತೆಗೆದುಕೊಳ್ಳುವುದನ್ನು ಮಾತ್ರ ಖಂಡಿತ ಒಪ್ಪಲಾಗದು. ಪಾಸಾಗಿ ಮರೆಯಬಹುದು ಎಂದ ಪಾರ್ಷಿಯಲ್ ಡಿಫರೆನ್ಸಿಯೇಷನ್, ಲೀನಿಯರ್ ಆಲ್ಜೀಬ್ರಾದ ಮ್ಯಾಟ್ರಿಕ್ಸ್, ಜೊತೆಗೆ ಪ್ರಾಬಬಿಲಿಟಿ ಅಲ್ಲಿ ದಿನದ ಊಟ.

ಬಿಸಿಎ ಇನ್ನೊಂದು ದಾರಿ. ಮೂರು ವರ್ಷ, ಕ್ಯಾಲ್ಕುಲಸ್ ಹೊರೆ ಕಡಿಮೆ, ಕಾಮರ್ಸಿನವರಿಗೂ ಬಹಳ ಕಾಲೇಜುಗಳಲ್ಲಿ ಪ್ರವೇಶವಿದೆ. ಪ್ರೋಗ್ರಾಮಿಂಗ್ ಕಲಿತು ಬೇಗ ಕೆಲಸಕ್ಕೆ ಸೇರಬೇಕೆನ್ನುವವರಿಗೆ ಇದು ಬಿಇಗಿಂತ ಕೀಳಲ್ಲ. ಎಂಸಿಎ ಯೋಚನೆ ಇದ್ದರೆ ಒಂದು ವಿಷಯ ಈಗಲೇ ಗಮನಿಸಿ: ಪಿಯುಸಿಯಲ್ಲಾಗಲಿ ಡಿಗ್ರಿಯಲ್ಲಾಗಲಿ ಗಣಿತ ಓದಿರದವರು ಎಂಸಿಎಯಲ್ಲಿ ಬ್ರಿಡ್ಜ್ ಕೋರ್ಸ್ ಮಾಡಬೇಕಾಗುತ್ತದೆ. ಬಿಸಿಎ ಸೇರುವಾಗ ಆ ಕಾಲೇಜಿನ ಪಠ್ಯದಲ್ಲಿ ಗಣಿತದ ಒಂದು ಪೇಪರಾದರೂ ಇದೆಯೇ ಎಂದು ಕೇಳಿ ಸೇರಿ.

ಪಾಲಿಟೆಕ್ನಿಕ್ ಮುಗಿಸಿ ಡಿಸಿಇಟಿ ಬರೆದವರು ನೇರವಾಗಿ ಮೂರನೇ ಸೆಮಿಸ್ಟರಿಗೆ ಬರುತ್ತಾರೆ, ಬಂದ ವಾರವೇ ಪ್ರಾಬಬಿಲಿಟಿ ಎದುರಾಗುತ್ತದೆ. ಅಂಥವರು ತರಗತಿ ಶುರುವಾಗುವ ಮೊದಲೇ ಪಿಯುಸಿ ಪುಸ್ತಕದಿಂದ ಸೆಟ್, ಪರ್ಮುಟೇಷನ್-ಕಾಂಬಿನೇಷನ್, ಪ್ರಾಬಬಿಲಿಟಿ ಈ ಮೂರು ಅಧ್ಯಾಯಗಳನ್ನು ಉದಾಹರಣೆ ಸಮೇತ ಬಿಡಿಸಿಕೊಂಡು ಬನ್ನಿ.