ಡೂಮ್, ಹನ್ನೊಂದು ವರ್ಷಗಳ ಬಳಕೆಯ ನಂತರ: ಮೆಡಿಕಿಟ್ ಬಿಟ್ಟು ಮುಂದೆ ಹೋಗುವುದನ್ನು ಕಲಿಸಿದ ಆಟ

ರಾಕ್ಷಸರನ್ನು ಬಂದೂಕಿನಿಂದ ಹೊಡೆಯುತ್ತಾ ಸಾಗುವ ಕಂಪ್ಯೂಟರ್ ಆಟ ಡೂಮ್ ಅನ್ನು ಹನ್ನೊಂದು ವರ್ಷದಿಂದ ಆಡುತ್ತಿದ್ದೇನೆ. 1993ರ ಡಿಸೆಂಬರ್ 10ರಂದು ಬಂದ ಮೂಲ ಆಟ, ಮತ್ತು ಅದರ ಮರುವರ್ಷದ ಡೂಮ್ 2. ಬಂದೂಕುಗಳ ಬಗ್ಗೆ, ರಾಕ್ಷಸರ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ನಾನು ಹೇಳಹೊರಟಿರುವುದು ನೆಲದ ಮೇಲೆ ಬಿದ್ದಿರುವ ಬಿಳಿ ಡಬ್ಬಿಗಳ ಬಗ್ಗೆ. ಇಷ್ಟು ವರ್ಷ ನನ್ನನ್ನು ಈ ಆಟಕ್ಕೆ ಕಟ್ಟಿಹಾಕಿರುವುದು ಅವೇ.

ಡೂಮ್‌ನಲ್ಲಿ ಔಷಧಿಯನ್ನು ಜೊತೆಗೆ ಒಯ್ಯುವಂತಿಲ್ಲ. ಬ್ಯಾಕ್‌ಪ್ಯಾಕ್ ಅಂತ ಒಂದು ಸಿಗುತ್ತದೆ, ಆದರೆ ಅದು ಗುಂಡುಗಳಿಗೆ ಮಾತ್ರ. ಆ ಬಿಳಿ ಡಬ್ಬಿಗಳಲ್ಲಿ ದೊಡ್ಡದಾದ ಮೆಡಿಕಿಟ್ ತುಳಿದರೆ ಆ ಕ್ಷಣವೇ ಹೆಲ್ತ್‌ಗೆ, ಅಂದರೆ ಸೊನ್ನೆಯಾದರೆ ಸಾಯುವ ಪ್ರಾಣದ ಅಂಕಕ್ಕೆ, 25 ಸೇರುತ್ತದೆ, ಚಿಕ್ಕದಾದ ಸ್ಟಿಂಪ್ಯಾಕ್ ಆದರೆ 10. ಬಟನ್ ಒತ್ತುವುದಿಲ್ಲ, ಬ್ಯಾಂಡೇಜ್ ಸುತ್ತುತ್ತಾ ನಿಲ್ಲುವುದಿಲ್ಲ. ಎರಡೂ ಕೆಲಸ ಮಾಡುವುದು 100ರ ತನಕ ಮಾತ್ರ. ಹೆಲ್ತ್ 90 ಇದ್ದಾಗ ಮೆಡಿಕಿಟ್ ತುಳಿದರೆ 10 ಸೇರಿ, ಮಿಕ್ಕ 15 ಮಣ್ಣುಪಾಲು. ಪೂರ್ತಿ 100 ಇದ್ದರೆ ಡಬ್ಬಿ ಅಲ್ಲೇ ಉಳಿಯುತ್ತದೆ.

ಈ ಒಂದು ನಿಯಮದ ಒಳಗೆ ಎಷ್ಟು ಆಟ ಅಡಗಿದೆ ಅನ್ನುವುದು ನನಗೆ ತಿಳಿಯಲು ಎರಡು ವರ್ಷ ಬೇಕಾಯಿತು. ಮೊದಲೆಲ್ಲ ಕಂಡ ಡಬ್ಬಿಯನ್ನೆಲ್ಲ ಬಾಚಿಕೊಳ್ಳುತ್ತಿದ್ದೆ. 88 ಇದ್ದರೂ ತುಳಿಯುವುದು, 94 ಇದ್ದರೂ ತುಳಿಯುವುದು. ಲೆವೆಲ್‌ನ ಕೊನೆಯ ಕೋಣೆಗೆ ಬರುವಷ್ಟರಲ್ಲಿ ಹಿಂದೆ ಒಂದೂ ಉಳಿದಿರುತ್ತಿರಲಿಲ್ಲ, ಮೈಯಲ್ಲಿ 30 ಇರುತ್ತಿತ್ತು. ಆಮೇಲೆ ಒಂದು ದಿನ, ಬರೀ ಅವಸರದಲ್ಲಿ, ಎರಡು ಮೆಡಿಕಿಟ್ ಇದ್ದ ಕೋಣೆಯನ್ನು ದಾಟಿ ಓಡಿಬಿಟ್ಟೆ. ಮುಂದಿನ ಹಜಾರದಲ್ಲಿ ಹೊಡೆತ ತಿಂದು ಹೆಲ್ತ್ 19ಕ್ಕೆ ಇಳಿಯಿತು. ಹಿಂದಕ್ಕೆ ಓಡಿದೆ. ಎರಡೂ ಡಬ್ಬಿ ನನಗಾಗಿ ಕಾದಿದ್ದವು. 69 ಆಯಿತು. ಅವತ್ತಿನಿಂದ ನನ್ನ ಆಟವೇ ಬೇರೆಯಾಯಿತು. ಈ ಆಟದಲ್ಲಿ ಚೀಲ ಇಲ್ಲ ಅಂದುಕೊಂಡಿದ್ದೆ. ಚೀಲ ಇದೆ, ಅದು ಲೆವೆಲ್‌ನ ನೆಲವೇ. ಯಾವ ಮೂಲೆಯಲ್ಲಿ ಏನು ಇಟ್ಟುಬಂದಿದ್ದೇನೆ ಅನ್ನುವುದನ್ನು ನೆನಪಿಟ್ಟುಕೊಳ್ಳಬೇಕು, ಅಷ್ಟೇ.

ಇದಕ್ಕೆ ಆಟವೂ ಒಪ್ಪಿಗೆ ಕೊಟ್ಟಂತಿದೆ. ಲೆವೆಲ್ ಮುಗಿದಾಗ ಎಷ್ಟು ಶೇಕಡಾ ಐಟಂ ಎತ್ತಿಕೊಂಡಿರಿ ಅಂತ ಲೆಕ್ಕ ತೋರಿಸುತ್ತದಲ್ಲ, ಅದರಲ್ಲಿ ಮೆಡಿಕಿಟ್ ಮತ್ತು ಸ್ಟಿಂಪ್ಯಾಕ್ ಬರುವುದಿಲ್ಲ. ಹೆಲ್ತ್ ಕೊಡುವ ಬೇರೆ ವಸ್ತುಗಳಾದ ನೀಲಿ ಬಾಟಲಿ, ಸೋಲ್‌ಸ್ಫಿಯರ್, ಬರ್ಸರ್ಕ್ ಇವೆಲ್ಲ ಲೆಕ್ಕಕ್ಕಿವೆ. ಡಬ್ಬಿಗಳನ್ನು ಬಿಟ್ಟು ಬಂದವರಿಗೆ ಅಂಕದಲ್ಲಿ ಏನೂ ನಷ್ಟವಿಲ್ಲ.

ಎತ್ತಿಕೊಳ್ಳುವ ಕ್ರಮದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಹೊಸಬರು ಎಡವುವುದು ಇಲ್ಲೇ. ನೀಲಿ ಬಾಟಲಿ ಒಂದಕ್ಕೆ 1 ಹೆಲ್ತ್ ಮಾತ್ರ, ಆದರೆ ಅದು 100 ದಾಟಿ 200ರ ತನಕ ಏರಿಸುತ್ತದೆ. ಹೆಲ್ತ್ 76 ಇದೆ, ಎದುರಿಗೆ ನಾಲ್ಕು ಬಾಟಲಿ, ಪಕ್ಕದಲ್ಲಿ ಮೆಡಿಕಿಟ್ ಅಂತ ಇಟ್ಟುಕೊಳ್ಳಿ. ಬಾಟಲಿ ಮೊದಲು ತಗೊಂಡರೆ 80, ಆಮೇಲೆ ಮೆಡಿಕಿಟ್, ಒಟ್ಟು 100. ಮೆಡಿಕಿಟ್ ಮೊದಲು ತಗೊಂಡರೆ 100, ಆಮೇಲೆ ಬಾಟಲಿ, ಒಟ್ಟು 104. ಅದೇ ವಸ್ತು, ಅದೇ ಕೋಣೆ. ನಾಲ್ಕು ಅಂಕ ದೊಡ್ಡದಲ್ಲ ಅನಿಸಬಹುದು. ಹೆಲ್ತ್ 3 ಉಳಿಸಿಕೊಂಡು ಬಾಗಿಲು ದಾಟಿದವರನ್ನು ಕೇಳಿ.

ಸೋಲ್‌ಸ್ಫಿಯರ್ ವಿಷಯದಲ್ಲಿ ಈ ವ್ಯತ್ಯಾಸ ನಿಜಕ್ಕೂ ದೊಡ್ಡದು. ಆ ನೀಲಿ ಗೋಳ 100 ಕೊಡುತ್ತದೆ, ಮಿತಿ 200. ಹೆಲ್ತ್ 50 ಇದ್ದಾಗ ಸೀದಾ ಹೋಗಿ ಮುಟ್ಟಿದರೆ 150. ಸುತ್ತಮುತ್ತ ಬಿಟ್ಟುಬಂದಿದ್ದ ಎರಡು ಮೆಡಿಕಿಟ್ ಮೊದಲು ಮುಗಿಸಿ ಮುಟ್ಟಿದರೆ 200. ಗೋಳ ಮುಟ್ಟಿದ ಮೇಲೆ ಹೆಲ್ತ್ 100ಕ್ಕಿಂತ ಕೆಳಗೆ ಇಳಿಯುವ ತನಕ ಆ ಡಬ್ಬಿಗಳು ಕೈಗೇ ಬರುವುದಿಲ್ಲ. ಬರ್ಸರ್ಕ್ ಇದಕ್ಕೆ ಉಲ್ಟಾ. ಅದು ಮುಷ್ಟಿಯ ಹೊಡೆತವನ್ನು ಲೆವೆಲ್ ಮುಗಿಯುವವರೆಗೆ ಹತ್ತು ಪಟ್ಟು ಮಾಡುವುದರ ಜೊತೆಗೆ, ಹೆಲ್ತ್ ಎಷ್ಟೇ ಕೆಳಗಿರಲಿ, ಒಂದೇ ಏಟಿಗೆ 100ಕ್ಕೆ ತರುತ್ತದೆ. ಹಾಗಾಗಿ ಬರ್ಸರ್ಕ್ ಕಂಡರೆ ನಾನು ಮೊದಲು ಮುಂದಿನ ಜಗಳ ಮುಗಿಸಿ, 20ಕ್ಕೋ 25ಕ್ಕೋ ಇಳಿದ ಮೇಲೆ ವಾಪಸ್ ಬಂದು ತುಳಿಯುತ್ತೇನೆ. 100 ಇದ್ದಾಗಲೂ ಅದು ಕೈಗೆ ಬಂದುಬಿಡುತ್ತದೆ, ಗುಣಪಡಿಸುವ ಭಾಗ ವ್ಯರ್ಥವಾಗುತ್ತದೆ. ಅದರ ಹತ್ತಿರ ಓಡಾಡುವಾಗ ಎಚ್ಚರ.

ಆರ್ಮರ್, ಅಂದರೆ ಮೈಗೆ ತೊಡುವ ಕವಚದ ಬಗ್ಗೆ ನನಗೆ ಬಹಳ ಕಾಲ ತಪ್ಪು ತಿಳಿವಳಿಕೆ ಇತ್ತು. ಹಸಿರು ಆರ್ಮರ್ 100, ನೀಲಿ 200, ಅಂದರೆ ನೀಲಿ ಎರಡು ಪಟ್ಟು ಬಾಳಿಕೆ ಬರುತ್ತದೆ, ಅಷ್ಟೇ ಅಂದುಕೊಂಡಿದ್ದೆ. ಅಸಲು ವ್ಯತ್ಯಾಸ ಬೇರೆ. ಹಸಿರು ಪ್ರತಿ ಹೊಡೆತದ ಮೂರನೇ ಒಂದು ಪಾಲನ್ನು ತಾನು ತಿನ್ನುತ್ತದೆ, ನೀಲಿ ಅರ್ಧ ಪಾಲನ್ನು. 30ರ ಏಟು ಬಿದ್ದರೆ ಹಸಿರು ತೊಟ್ಟವರಿಗೆ 20 ಹೋಗುತ್ತದೆ, ನೀಲಿ ತೊಟ್ಟವರಿಗೆ 15. ಹೆಲ್ತ್ 100 ಇಟ್ಟುಕೊಂಡು ಹಸಿರಿನಲ್ಲಿ ಸುಮಾರು 150ರಷ್ಟು ಹೊಡೆತ ತಡೆಯಬಹುದು, ನೀಲಿಯಲ್ಲಿ 200. ಎರಡರಲ್ಲೂ ಸಾಯುವ ಹೊತ್ತಿಗೆ ಆರ್ಮರ್ ಅರ್ಧ ಇನ್ನೂ ಬಾಕಿ ಇರುತ್ತದೆ! ಆದ್ದರಿಂದ ಆರ್ಮರ್ ಇದೆಯೆಂದು ಹೆಲ್ತ್ ಕಡೆ ನೋಡದೆ ನುಗ್ಗಬಾರದು. ಇನ್ನೊಂದು ಬಲೆಯೂ ಇದೆ: ನೀಲಿ ಆರ್ಮರ್ ಸವೆದು 99ಕ್ಕೆ ಇಳಿದಿರುವಾಗ ಹಸಿರನ್ನು ತುಳಿದರೆ ಸಂಖ್ಯೆ 100 ಆಗುತ್ತದೆ, ಆದರೆ ಗುಣ ಹಸಿರಿನದ್ದಾಗುತ್ತದೆ. ಒಂದು ಅಂಕಕ್ಕಾಗಿ ಅರ್ಧ ಪಾಲಿನ ರಕ್ಷಣೆಯನ್ನು ಮೂರನೇ ಒಂದಕ್ಕೆ ಮಾರಿದ ಹಾಗೆ. ಪರದೆಯ ಮೇಲೆ ಇದನ್ನು ತಿಳಿಸುವ ಒಂದು ಗುರುತೂ ಇಲ್ಲ. ಮೂಲ ಆಟದ ಮೇಲೆ ನನ್ನ ಗಟ್ಟಿ ದೂರು ಇದು.

ಎರಡನೇ ದೂರು, ತುಳಿದರೆ ಸಾಕು ಎನ್ನುವ ನಿಯಮದ್ದೇ. ಇಂಪ್ ಎಂಬ ರಾಕ್ಷಸ ಎಸೆದ ಬೆಂಕಿಯುಂಡೆ ತಪ್ಪಿಸಿಕೊಳ್ಳಲು ಪಕ್ಕಕ್ಕೆ ಜಾರುತ್ತೇನೆ, ಹಿಂದೆ ಇಟ್ಟುಕೊಂಡಿದ್ದ ಮೆಡಿಕಿಟ್ 97ರಲ್ಲಿ ತುಳಿದುಹೋಗುತ್ತದೆ. 3 ಸಿಕ್ಕಿತು, 22 ಹೋಯಿತು. ಹನ್ನೊಂದು ವರ್ಷವಾದರೂ ಇದು ನನಗೆ ಆಗುತ್ತಲೇ ಇದೆ, ಪ್ರತಿ ಸಲವೂ ಹೊಟ್ಟೆ ಉರಿಯುತ್ತದೆ. ಜಗಳ ಶುರುವಾಗುವ ಮುನ್ನ ಡಬ್ಬಿಗಳಿಂದ ದೂರ ಸರಿದು ನಿಲ್ಲುವುದೊಂದೇ ದಾರಿ.

ಹೆಲ್ತ್ ಗಳಿಸುವುದಕ್ಕಿಂತ ಕಳೆದುಕೊಳ್ಳದಿರುವುದು ಅಗ್ಗ. ಇಂಪ್‌ನ ಬೆಂಕಿಯುಂಡೆ 3ರಿಂದ 24ರ ತನಕ ಕೀಳುತ್ತದೆ, ಆದರೆ ಅದು ಬರುವುದು ಕಣ್ಣಿಗೆ ಕಾಣುತ್ತದೆ, ಪಕ್ಕಕ್ಕೆ ಸರಿಯಬಹುದು. ಶಾಟ್‌ಗನ್ ಹಿಡಿದ ಸೈನಿಕನ ಗುಂಡನ್ನು ತಪ್ಪಿಸಿಕೊಳ್ಳುವ ಮಾತೇ ಇಲ್ಲ. ಮೂರು ಚೂರು ಹಾರುತ್ತವೆ, ಒಂದೊಂದಕ್ಕೆ 3ರಿಂದ 15. ಮೂರೂ ಜೋರಾಗಿ ತಾಗಿದರೆ 45. ಗಾತ್ರದಲ್ಲಿ ಚಿಕ್ಕವನೆಂದು ಅವನನ್ನು ಕೊನೆಗೆ ಇಟ್ಟುಕೊಳ್ಳುವುದು ದುಬಾರಿ ತಪ್ಪು. ಬಾಗಿಲು ತೆರೆದ ಕೂಡಲೇ ನನ್ನ ಕಣ್ಣು ಹುಡುಕುವುದು ಬಂದೂಕು ಹಿಡಿದವರನ್ನೇ. ಡೂಮ್ 2ರಲ್ಲಿ ಚೈನ್‌ಗನ್ ಹಿಡಿದವನು ಸೇರಿದ ಮೇಲಂತೂ ಈ ಅಭ್ಯಾಸವಿಲ್ಲದೆ ಉಳಿಗಾಲವಿಲ್ಲ. ವಿಷದ ನೆಲ ಇದಕ್ಕೆ ಹೋಲಿಸಿದರೆ ಪ್ರಾಮಾಣಿಕ: ಒಂದು ಸೆಕೆಂಡಿಗೂ ಸ್ವಲ್ಪ ಕಡಿಮೆ ಅಂತರದಲ್ಲಿ, ಜಾಗ ನೋಡಿಕೊಂಡು 5, 10 ಅಥವಾ 20 ಕೇಳುತ್ತದೆ. ಎಷ್ಟು ಹೆಜ್ಜೆ, ಎಷ್ಟು ಬೆಲೆ ಅಂತ ಮೊದಲೇ ಲೆಕ್ಕ ಹಾಕಿ ಇಳಿಯಬಹುದು.

ಪರದೆಯ ತಳದ ಪಟ್ಟಿಯಲ್ಲಿ ಕಾಣುವ ನಮ್ಮ ಪಾತ್ರದ ಮುಖವನ್ನು ಮರೆಯುವಂತಿಲ್ಲ. ಹೆಲ್ತ್ ಇಳಿದಂತೆ ಐದು ಹಂತದಲ್ಲಿ ರಕ್ತಸಿಕ್ತವಾಗುತ್ತಾ ಹೋಗುತ್ತದೆ, ಏಟು ಬಿದ್ದ ದಿಕ್ಕಿಗೆ ತಿರುಗಿ ನೋಡುತ್ತದೆ. ಗಲಾಟೆಯ ನಡುವೆ ಸಂಖ್ಯೆ ಓದಲು ಪುರುಸೊತ್ತಿರುವುದಿಲ್ಲ, ಕಣ್ಣಂಚಿನಲ್ಲಿ ಆ ಕೆಂಪು ಕಂಡರೆ ಸಾಕು, ವಾಪಸ್ ಓಡಬೇಕೆಂದು ಕಾಲಿಗೆ ಗೊತ್ತಾಗುತ್ತದೆ.

ಡೂಮ್ ಅನ್ನು ನಡೆಸುವ ಮೂಲ ತಂತ್ರಾಂಶದ (ಎಂಜಿನ್) ಮೇಲೆಯೇ 1994ರ ಕೊನೆಗೆ ಬಂದ ಹೆರೆಟಿಕ್ ಆಟವನ್ನೂ ಒಂದೆರಡು ವರ್ಷ ಆಡಿದೆ. ಅದರಲ್ಲಿ ಚೀಲ ಇದೆ. 25 ಹೆಲ್ತ್ ಕೊಡುವ ಕ್ವಾರ್ಟ್ಸ್ ಫ್ಲಾಸ್ಕ್‌ಗಳನ್ನು 16ರ ತನಕ ಕೂಡಿಟ್ಟುಕೊಂಡು ಬೇಕಾದಾಗ ಬಳಸಬಹುದು. ಕೇಳಲು ಸುಖವಾಗಿದೆ. ಆದರೆ ಲೆವೆಲ್ ದಾಟುವಾಗ ಪ್ರತಿ ಬಗೆಯದ್ದು ಒಂದೊಂದು ಮಾತ್ರ ಉಳಿಯುತ್ತದೆ, ಮಿಕ್ಕದ್ದು ಮಾಯ. ಆಪತ್ಕಾಲಕ್ಕೆ ಅಂತ ಎತ್ತಿಟ್ಟ ಏಳೆಂಟು ಫ್ಲಾಸ್ಕ್ ಹಾಗೆ ಕಳೆದುಕೊಂಡ ಮೇಲೆ, ನಿರ್ಗಮನದ ಬಾಗಿಲ ಮುಂದೆ ನಿಂತು ಕುಡಿದು ಮುಗಿಸುವುದೇ ರೂಢಿಯಾಯಿತು. ಒಳ್ಳೆಯ ಆಟ, ಈಗಲೂ ಇಷ್ಟ. ಆದರೆ ಔಷಧಿ ಚೀಲದಲ್ಲಿರುವಾಗ ಜಾಗಗಳು ನೆನಪಿನಲ್ಲಿ ಉಳಿಯುವುದಿಲ್ಲ. ಡೂಮ್‌ನ ಲೆವೆಲ್‌ಗಳು ಇವತ್ತಿಗೂ ಕಣ್ಣು ಮುಚ್ಚಿದರೆ ನನಗೆ ಕಾಣುವುದು, ಅಲ್ಲೆಲ್ಲೋ ನಾನು ಒಂದು ಡಬ್ಬಿ ಬಿಟ್ಟುಬಂದಿರುವುದರಿಂದ.

ತಾನಾಗಿಯೇ ವಾಸಿಯಾಗುವ ಹೆಲ್ತ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 2005ರ ಕಾಲ್ ಆಫ್ ಡ್ಯೂಟಿ 2 ಎಂಬ ಯುದ್ಧದ ಆಟ ಬಂದ ನಂತರ ಇಂಥ ಆಟಗಳಲ್ಲಿ ಅದೇ ರೂಢಿಯಾಯಿತು: ಗೋಡೆಯ ಹಿಂದೆ ಕೂತು ಕೆಲವು ಕ್ಷಣ ಕಾದರೆ ಎಲ್ಲ ಸರಿ. ಅಲ್ಲಿ ಹಿಂದಿನ ಕೋಣೆಯ ತಪ್ಪು ಮುಂದಿನ ಕೋಣೆಗೆ ಬರುವುದಿಲ್ಲ. ನನಗೆ ಬರಬೇಕು.

ತಮ್ಮನ ಜೊತೆ ಕೋ-ಆಪ್, ಅಂದರೆ ಇಬ್ಬರೂ ಒಂದೇ ಪಕ್ಷದಲ್ಲಿ ಸೇರಿ, ಆಡಲು ಶುರು ಮಾಡಿದ ಮೇಲೆ ಇದೆಲ್ಲ ಇನ್ನೊಂದು ಮಟ್ಟಕ್ಕೆ ಹೋಯಿತು. ಬಂದೂಕುಗಳು ಇಬ್ಬರಿಗೂ ಸಿಗುತ್ತವೆ, ಮೆಡಿಕಿಟ್ ಮಾತ್ರ ಒಬ್ಬರು ಎತ್ತಿದರೆ ಮುಗಿಯಿತು. ನನ್ನ ಪರದೆಯಲ್ಲಿ ಅವನ ಹೆಲ್ತ್ ಕಾಣುವುದಿಲ್ಲ, ಬಾಯಿಬಿಟ್ಟು ಕೇಳಲೇಬೇಕು.

“ಎಷ್ಟಿದೆಯೋ ನಿಂದು?”

“ನಲವತ್ತೊಂದು. ನಿಂದು ಹೇಳಣ್ಣ.”

“ಇಪ್ಪತ್ತೆರಡು.”

“ಹಾಗಾದ್ರೆ ನೀನೇ ತಗೋ. ನಾನು ಬಾಗಿಲು ನೋಡ್ಕೋತೀನಿ.”

ಇಷ್ಟೇ ಮಾತು. ಬೇರೆ ಊರಲ್ಲಿರುವ ತಮ್ಮನೊಂದಿಗೆ ವಾರಕ್ಕೊಮ್ಮೆ ಆಡುವ ಈ ಮಾತು ನನಗೆ ಆಟಕ್ಕಿಂತ ಮುಖ್ಯವಾಗಿಬಿಟ್ಟಿದೆ.

ಆಟದ ಕೋಡ್ 1997ರಲ್ಲಿ ಎಲ್ಲರಿಗೂ ತೆರೆದಿಟ್ಟ ಮೇಲೆ ಹೊರಬಿದ್ದ ಒಂದು ಸಂಗತಿ ನನಗೆ ಬಹಳ ಪ್ರಿಯ. ಹೆಲ್ತ್ 25ಕ್ಕಿಂತ ಕಡಿಮೆ ಇದ್ದಾಗ ಮೆಡಿಕಿಟ್ ಎತ್ತಿದರೆ “ನಿಮಗೆ ನಿಜಕ್ಕೂ ಬೇಕಿದ್ದ ಮೆಡಿಕಿಟ್” ಎಂಬರ್ಥದ ಬೇರೆಯೇ ಸಂದೇಶ ತೋರಿಸಬೇಕೆಂದು ಬರೆದಿದ್ದಾರೆ. ಆದರೆ ಆ ಪರೀಕ್ಷೆ ನಡೆಯುವುದು 25 ಸೇರಿಸಿದ ನಂತರ. 1 ಇದ್ದವರೂ ಅಷ್ಟರಲ್ಲಿ 26 ಆಗಿರುತ್ತಾರೆ. ಹಾಗಾಗಿ ಮೂಲ ಆಟದಲ್ಲಿ ಆ ಸಾಲು ಯಾರಿಗೂ ಕಾಣಿಸುವುದೇ ಇಲ್ಲ. ನಮ್ಮ ಸಂಕಟದ ಗಳಿಗೆಯನ್ನು ಯಾರೋ ಗಮನಿಸಿ ಒಂದು ಸಾಲು ಬರೆದಿದ್ದರು ಅನ್ನುವುದೇ ನನಗೆ ಸಾಕು. ಈಗ ಕಡಿಮೆ ಹೆಲ್ತ್‌ನಲ್ಲಿ ಮೆಡಿಕಿಟ್ ತುಳಿದಾಗಲೆಲ್ಲ ಆ ಸಾಲನ್ನು ನಾನೇ ಮನಸ್ಸಿನಲ್ಲಿ ಓದಿಕೊಳ್ಳುತ್ತೇನೆ.

ಹೊಸದಾಗಿ ಶುರು ಮಾಡುವವರಿಗೆ: ಐದು ಕಷ್ಟಮಟ್ಟಗಳಲ್ಲಿ ಮೂರನೆಯದನ್ನು ಆರಿಸಿ. ಮೊದಲನೆಯದರಲ್ಲಿ ಬೀಳುವ ಏಟು ಅರ್ಧಕ್ಕೆ ಇಳಿಯುತ್ತದೆ, ಡಬ್ಬಿ ಬಿಟ್ಟು ಹೋಗುವ ಯೋಚನೆಯೇ ಬರುವುದಿಲ್ಲ. ಪ್ರತಿ ಬಾಗಿಲಿಗೂ ಸೇವ್ ಮಾಡಬೇಡಿ, ಲೆವೆಲ್‌ನ ಶುರುವಿನಲ್ಲಿ ಒಂದು ಸೇವ್ ಸಾಕು. ಇಲ್ಲದಿದ್ದರೆ ಹೆಲ್ತ್ ಲೆಕ್ಕಕ್ಕೆ ಅರ್ಥವೇ ಉಳಿಯುವುದಿಲ್ಲ. ಸತ್ತರೆ ಹೆಲ್ತ್ 100, ಒಂದು ಪಿಸ್ತೂಲು, 50 ಗುಂಡು ಕೊಟ್ಟು ಲೆವೆಲ್ ಮೊದಲಿನಿಂದ ಶುರುವಾಗುತ್ತದೆ. ನಾನು ಈಗ ಪ್ರತಿ ಲೆವೆಲ್ ಅನ್ನೂ ಬೇಕೆಂದೇ ಹಾಗೆ ಶುರು ಮಾಡುತ್ತೇನೆ. ಮೂಲದ ನಡವಳಿಕೆ ಹಾಗೇ ಬೇಕೆಂದರೆ ಅದನ್ನು ಈಗಿನ ಕಂಪ್ಯೂಟರಿನಲ್ಲಿ ನಡೆಸುವ ಚಾಕೊಲೇಟ್ ಡೂಮ್ ಎಂಬ ತಂತ್ರಾಂಶ ಹಾಕಿಕೊಳ್ಳಿ, ಹಸಿರು ಆರ್ಮರ್‌ನ ಬಲೆಯೂ ಅದರಲ್ಲಿ ಇದ್ದಲ್ಲೇ ಇದೆ.