ಹೊಸ ಫೈಬರ್ ಸಂಪರ್ಕ: ವೇಗಕ್ಕೆ ನಾಲ್ಕು ಅಂಕ, ಅಳವಡಿಕೆಗೆ ಎರಡು

ಬೆಂಗಳೂರಿನ ನಮ್ಮ ಬಡಾವಣೆಗೆ ಬಂದಿರುವ ಈ ಫೈಬರ್ ಸೇವೆಯ ವೇಗದ ಬಗ್ಗೆ ದೂರಿಲ್ಲ. ಆದರೆ ಸಂಪರ್ಕ ಕೊಡಲು ಬಂದ ಸಿಬ್ಬಂದಿ ವೈಫೈಗೆ ಕಂಪನಿಯ ಹೆಸರನ್ನೇ ಇಟ್ಟು, ಸಿಗ್ನಲ್ ಸಾಗುವ 2.4 ಮತ್ತು 5 ಗಿಗಾಹರ್ಟ್ಸ್ ಆವರ್ತನ ಬ್ಯಾಂಡ್‌ಗಳೆರಡನ್ನೂ ಅದರಡಿ ಸೇರಿಸಿ ಹೊರಟುಹೋದದ್ದರಿಂದ, ಗೀಸರ್‌ನ 16 ಆಂಪಿಯರ್ ಸ್ಮಾರ್ಟ್ ಪ್ಲಗ್ ಮೊದಲ್ಗೊಂಡು ಪಡಸಾಲೆಯ ಬಲ್ಬ್‌ಗಳವರೆಗೆ ಎಲ್ಲವೂ ಆ್ಯಪ್‌ನಲ್ಲಿ ಆಫ್‌ಲೈನ್ ಎಂದು ತೋರಿಸತೊಡಗಿದವು. ಪ್ರತಿಯೊಂದನ್ನೂ ರೀಸೆಟ್ ಮಾಡಿ ಎಂದ ಸಹಾಯವಾಣಿಯವರು, ಹಾಗೆ ಮಾಡಿದರೆ ಟೈಮರ್‌ಗಳೆಲ್ಲ ಅಳಿಸಿಹೋಗಬಹುದೆಂಬುದನ್ನು ಮಾತ್ರ ಹೇಳಲಿಲ್ಲ. ಅಷ್ಟೆಲ್ಲ ಅಗತ್ಯವೇ ಇರಲಿಲ್ಲ. ಇಂಥ ಸಾಧನಗಳು ನೆನಪಿಟ್ಟುಕೊಂಡಿರುವುದು ಹಳೆಯ ವೈಫೈ ಹೆಸರನ್ನು; ಹೆಚ್ಚಿನವು ಕೆಲಸ ಮಾಡುವುದೂ 2.4 ಗಿಗಾಹರ್ಟ್ಸ್‌ನಲ್ಲಿ ಮಾತ್ರ. ಹಾಗಾಗಿ ಹೊಸ ರೂಟರ್‌ನಲ್ಲಿ ಹಳೆಯ ವೈಫೈ ಹೆಸರು ಮತ್ತು ಪಾಸ್‌ವರ್ಡನ್ನು, ಇಂಗ್ಲಿಷಿನ ದೊಡ್ಡ, ಸಣ್ಣ ಅಕ್ಷರಗಳೂ ಬದಲಾಗದಂತೆ, ಯಥಾವತ್ತಾಗಿ ನಮೂದಿಸಿ, 2.4 ಗಿಗಾಹರ್ಟ್ಸನ್ನು ಬೇರ್ಪಡಿಸಿ, ವೈಫೈ ಭದ್ರತೆಯನ್ನು ಡಬ್ಲ್ಯುಪಿಎ2 ಎಂಬ ವಿಧಾನದಲ್ಲಿ ಇಟ್ಟರೆ ಸಾಧನಗಳು ಬಹುಮಟ್ಟಿಗೆ ತಾವಾಗಿಯೇ ಸೇರಿಕೊಳ್ಳುತ್ತವೆ. ನಮ್ಮಲ್ಲಿ ಹಠ ಹಿಡಿದದ್ದು ಗೀಸರ್ ಪ್ಲಗ್ ಒಂದೇ. ಸ್ವಿಚ್ ಆರಿಸಿ ಮತ್ತೆ ಹಾಕಿದ ಮೇಲೆ ಅದೂ ಸರಿಹೋಯಿತು.